ಆರ್ನೆಲ್ ನೀರಿನ ಮೇಲೆ ನಡೆದ ದಿನಗಳು

ತನ್ನ ಕಂಪ್ಯೂಟರಿನಿಂದ ಆಗದ ಕೆಲಸವೊಂದು ಈ ಭೂಮಿಯ ಮೇಲೆ ಇದೆ ಎಂದಾದರೆ ಅದು ಮಾಡಲು ಯೋಗ್ಯವಾದ ಕೆಲಸವೇ ಅಲ್ಲ ಎಂದು ಲುಸ್ವಿಮಿಂಡಾ ಊಟದ ಮೇಜಿನ ಮುಂದೆ ನಿಂತು ಘೋಷಿಸಿದಳು. ಒಂದು ಕೈಯಲ್ಲಿ ಅನ್ನದ ಸೌಟು, ಇನ್ನೊಂದು ಕೈಯಲ್ಲಿ ಗಂಡನ ಕೈಗಡಿಯಾರ. ಒಂಬತ್ತು ತಿಂಗಳ ಮೇಲೆ ಹಡಗಿನಿಂದ ಮನೆಗೆ ಬಂದಿದ್ದ ಗಂಡ ಆರ್ನೆಲ್, ಹುರಿದ ಮೀನಿನ ಮುಳ್ಳು ಬಿಡಿಸುತ್ತಾ ತಲೆ ತಗ್ಗಿಸಿ ಕೂತಿದ್ದ. ಘೋಷಣೆ ನಡೆಯುವಾಗ ಸುಮ್ಮನಿರಬೇಕು ಎನ್ನುವುದನ್ನು ಅವನು ಹದಿನಾಲ್ಕು ವರ್ಷದ ಸಂಸಾರದಲ್ಲಿ ಕಲಿತಿದ್ದ.

ಲುಸೋನ್, ವಿಸಾಯಸ್, ಮಿಂಡನಾವೋ ಎಂದು ದೇಶದ ಮೂರು ಭಾಗಗಳನ್ನೂ ಒಟ್ಟಿಗೆ ಕಟ್ಟಿ ಅಪ್ಪ ಇಟ್ಟ ಹೆಸರು ಅವಳದು. ಕರೆಯುವಾಗ ಅಷ್ಟು ದೂರ ಪ್ರಯಾಣ ಮಾಡುವ ತಾಳ್ಮೆ ಯಾರಿಗೂ ಇಲ್ಲದ್ದರಿಂದ ಊರಿಗೆಲ್ಲ ಅವಳು ವಿಮಿ. ನಮ್ಮ ಹಮ್ತಿಕ್‌ನ ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಹನ್ನೆರಡು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಶಾಲೆಗೆ ಹದಿನಾರು ಕಂಪ್ಯೂಟರ್ ದಾನ ಕೊಟ್ಟಿದ್ದರು. ದಾನವಾಗಿ ಬರುವ ಹೊತ್ತಿಗೇ ಅವುಗಳ ಜೀವ ಹೋಗಿತ್ತು. ವಿಮಿ ಒಂದಿಡೀ ಬೇಸಿಗೆ ರಜೆ ಕೂತು, ಅವಕ್ಕೆಲ್ಲ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, ಹದಿನಾಲ್ಕನ್ನು ಬದುಕಿಸಿಕೊಂಡಳು. ಅಂದಿನಿಂದ ಅವಳಿಗೆ ಎರಡು ಧರ್ಮ: ಭಾನುವಾರ ಚರ್ಚು, ಉಳಿದ ಆರು ದಿನ ಲಿನಕ್ಸ್. ವಿಂಡೋಸ್ ಇರುವ ಯಂತ್ರ ಅವಳ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಒಮ್ಮೆ ನಾದಿನಿ ಅಂಥ ಲ್ಯಾಪ್‌ಟಾಪ್ ಒಂದನ್ನು ಹೆಗಲಿಗೆ ಹಾಕಿಕೊಂಡು ಬಂದಾಗ, ಚಪ್ಪಲಿ ಬಿಡುವ ಜಾಗದ ಬೆಂಚಿನ ಮೇಲೆ ಅದನ್ನು ಇಡಿಸಿ ಆಮೇಲೆ ಒಳಗೆ ಕರೆದಿದ್ದಳು.

ಇನ್ನು ಗಡಿಯಾರದ ವಿಷಯ. ಹಡಗು ಹತ್ತುವ ಮುಂಚೆ ಮನಿಲಾದಲ್ಲಿ ವೈದ್ಯಕೀಯ ಪರೀಕ್ಷೆ ಪಾಸಾಗಬೇಕು. ಕಳೆದ ಸಲ ಅಲ್ಲಿನ ಡಾಕ್ಟರು ಆರ್ನೆಲ್‌ನ ರಕ್ತದೊತ್ತಡವನ್ನು ಒಂದಲ್ಲ ಮೂರು ಸಲ ಅಳೆದು, ನಾಲಗೆ ಲೊಚಗುಟ್ಟಿ, ಅರೆಮನಸ್ಸಿನಿಂದ ಸಹಿ ಹಾಕಿದ್ದರು. ಆಗ ವಿಮಿ ಈ ಗಡಿಯಾರ ಕೊಂಡು ಅವನ ಕೈಗೆ ಕಟ್ಟಿದಳು. ಉಪಗ್ರಹ ನೋಡಿಕೊಂಡು ನಡೆದ ದಾರಿ, ದೂರ ಎಲ್ಲ ಬರೆದಿಡುವ ಗಡಿಯಾರ. ಹಳೆಯ ಮಾದರಿ, ಫೋನಿನ ಜೊತೆ ಅದಕ್ಕೆ ಮಾತಿಲ್ಲ, ಕೇಬಲ್ ಚುಚ್ಚಿದರೆ ಮಾತ್ರ ಬಾಯಿಬಿಡುತ್ತದೆ. ದಿನಾ ಹಡಗಿನ ಡೆಕ್ಕಿನ ಮೇಲೆ ಎರಡು ಗಂಟೆ ನಡೆಯಬೇಕು, ಮನೆಗೆ ಬಂದ ಮೇಲೆ ಒಂದೊಂದು ಹೆಜ್ಜೆಯನ್ನೂ ತಾನು ಪರೀಕ್ಷೆ ಮಾಡುವುದಾಗಿ ಅವಳು ಹೇಳಿ ಕಳಿಸಿದ್ದಳು. ಗಂಡ ಸುಳ್ಳು ಹೇಳಿಯಾನು, ಉಪಗ್ರಹ ಹೇಳುವುದಿಲ್ಲ ಎಂಬುದು ಅವಳ ನಂಬಿಕೆ.

ಇದು ಊರಿಗೆ ಹೇಳಿದ ಕಾರಣ. ಒಳಗಿನ ಕಾರಣ ಬೇರೆಯೇ ಇತ್ತು. ಮದುವೆಯಾಗಿ ಹದಿನಾಲ್ಕು ವರ್ಷ. ಅದರಲ್ಲಿ ಆರ್ನೆಲ್ ಅವಳ ಜೊತೆ ಒಂದೇ ಸೂರಿನಡಿ ಇದ್ದದ್ದನ್ನು ಕೂಡಿಸಿದರೆ ಮೂರು ವರ್ಷ ತುಂಬುವುದಿಲ್ಲ. ಉಳಿದ ಹನ್ನೊಂದು ವರ್ಷ ಅವನೆಲ್ಲಿದ್ದ ಎಂದರೆ ಅವಳ ಬಳಿ ಇದ್ದದ್ದು ಒಂದು ನೀಲಿ ಬಣ್ಣ ಮಾತ್ರ. ಅಕ್ಕಪಕ್ಕದ ಹೆಂಗಸರು ತಮ್ಮ ಗಂಡಂದಿರನ್ನು ಗದ್ದೆಯಲ್ಲೋ ಸಂತೆಯಲ್ಲೋ ಹುಡುಕಬಹುದಿತ್ತು. ವಿಮಿಗೆ ಹುಡುಕಲು ಸಿಗುತ್ತಿದ್ದದ್ದು ಇಡೀ ಸಮುದ್ರ. ಅವಳಿಗೊಂದು ನಕ್ಷೆ ಬೇಕಿತ್ತು. ನನಗೆ ಜ್ವರ ಬಂದ ಆ ಮಂಗಳವಾರ ಇವನು ಇಲ್ಲಿದ್ದ, ಚಂಡಮಾರುತಕ್ಕೆ ಅಡುಗೆಮನೆ ಶೀಟು ಹಾರಿದ ಶುಕ್ರವಾರ ಇಲ್ಲಿದ್ದ ಎಂದು ಬೆರಳಿಟ್ಟು ಹೇಳಬಹುದಾದ ನಕ್ಷೆ. ಗಂಡನಿಲ್ಲದ ಒಂಬತ್ತು ತಿಂಗಳು ಅದರಲ್ಲಿರುತ್ತದೆ ಎಂದು ಅವಳು ಆಸೆಪಟ್ಟಿದ್ದಳು.

ಗಡಿಯಾರದ ಡಬ್ಬಿಯ ಮೇಲೆ ಇದು ಇಂಥಿಂಥ ಎರಡು ಬಗೆಯ ಕಂಪ್ಯೂಟರಿಗೆ ಮಾತ್ರ ಎಂದು ಅಚ್ಚು ಹಾಕಿದ್ದರು. ಆ ಎರಡರಲ್ಲಿ ವಿಮಿಯದು ಇರಲಿಲ್ಲ. ವಿಂಡೋಸ್ ಇರುವ ತನ್ನ ತಂಗಿಯ ಮನೆಗೆ ಹೋಗಿ ಹತ್ತು ನಿಮಿಷದಲ್ಲಿ ನೋಡಿಕೊಂಡು ಬರೋಣವೇ ಎಂದು ಆರ್ನೆಲ್ ಮೆಲ್ಲಗೆ ಕೇಳಿದ್ದೇ ತಪ್ಪಾಯಿತು. ಮೇಲೆ ಹೇಳಿದ ಘೋಷಣೆ ಹೊರಬಿದ್ದದ್ದು ಆಗಲೇ.

ನ್ಯಾಯವಾಗಿ ಹೇಳಬೇಕೆಂದರೆ ಮೊದಲ ದಿನ ಗೆದ್ದವಳು ವಿಮಿಯೇ. ಕೇಬಲ್ ಚುಚ್ಚಿದ ಕೂಡಲೇ ಗಡಿಯಾರ ಒಂದು ಪುಟ್ಟ ಪೆಟ್ಟಿಗೆಯಂತೆ ಅವಳ ಕಂಪ್ಯೂಟರಿನಲ್ಲಿ ತೆರೆದುಕೊಂಡಿತು. ಒಳಗೆ ನಡೆದ ದಿನಕ್ಕೊಂದರಂತೆ ಇನ್ನೂರ ಹದಿನಾಲ್ಕು ಫೈಲು. ಒಂದನ್ನು ಆರಿಸಿ, ಅಲ್ಲೊಂದು ಇಲ್ಲೊಂದು ಪುಕ್ಕಟೆ ತಂತ್ರಾಂಶ ಹುಡುಕಿ, ಸಂಜೆಯೊಳಗೆ ನಕ್ಷೆಯ ಮೇಲೆ ಗೆರೆ ಎಳೆಸಿಯೇ ಬಿಟ್ಟಳು. ಎಳೆಸಿದವಳು ಹುಬ್ಬೇರಿಸಿದಳು. ಎರಡು ಗಂಟೆಯಲ್ಲಿ ಐವತ್ತೆರಡು ಕಿಲೋಮೀಟರ್, ನಡು ಸಮುದ್ರದಲ್ಲಿ. ಗಡಿಯಾರ ಬೇರೆ, ಇದು ನಿಮ್ಮ ಜೀವಮಾನದ ಅತಿ ವೇಗದ ನಡಿಗೆ ಎಂದು ಅಭಿನಂದನೆ ಬರೆದಿತ್ತು.

ಆರ್ನೆಲ್‌ನ ತಾಯಿ ಪಾಸಿಂಗ್ ಮಗ ಸೊಸೆಯ ಜೊತೆಯಲ್ಲೇ ಇರುವವಳು; ಎಲ್ಲರ ಬಾಯಲ್ಲೂ ಅವಳು ನಾನಾಯ್, ಎಂದರೆ ಅಮ್ಮ. ಮೀನುಗಾರನ ಹೆಂಡತಿಯಾಗಿ ನಲವತ್ತು ವರ್ಷ, ವಿಧವೆಯಾಗಿ ಎಂಟು ವರ್ಷ ಕಳೆದವಳು. ಸಮುದ್ರದ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳುವ ಹಾಗಿಲ್ಲ. ಅವಳು ಪರದೆಗೆ ಮೂಗು ತಾಗಿಸಿ ನೋಡಿದಳು.

"ನನ್ನ ಮಗ ನೀರಿನ ಮೇಲೆ ನಡೆದ್ನಾ?"

"ಹೂಂ ನಾನಾಯ್, ಹಾಗೇ ತೋರಿಸ್ತಿದೆ."

"ಅದೂ ಇಷ್ಟು ಜೋರಾಗಿ?" ನಾನಾಯ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಏಸುಸ್ವಾಮಿನೂ ನಿಧಾನವಾಗೇ ನಡೆದಿದ್ದು."

ಹಡಗು ಓಡುತ್ತಿತ್ತು, ತಾನು ಅದರ ಮೇಲೆ ನಡೆಯುತ್ತಿದ್ದೆ, ಗಡಿಯಾರ ಪಾಪ ಎರಡನ್ನೂ ಒಂದೇ ಖಾತೆಗೆ ಹಾಕಿದೆ ಎಂದು ಆರ್ನೆಲ್ ವಿವರಿಸಿದ. ವಿಮಿ ಗೆರೆಯನ್ನು ಹಿಗ್ಗಿಸಿ ನೋಡಿದಳು. ದೂರದಿಂದ ನೆಟ್ಟಗೆ ಕಂಡದ್ದು ಹತ್ತಿರದಲ್ಲಿ ಹೊಲಿಗೆಯ ಹಾಗೆ ಅತ್ತಿಂದಿತ್ತ ಓಡುತ್ತಿತ್ತು: ಡೆಕ್ಕಿನ ಬಲಗಡೆಯಿಂದ ಮುಂದಕ್ಕೆ, ಅಡ್ಡ ದಾಟಿ ಎಡಗಡೆಯಿಂದ ಹಿಂದಕ್ಕೆ, ಮತ್ತೆ ಬಲಕ್ಕೆ. ಒಂದೊಂದು ಹೊಲಿಗೆಯೂ ಅವನು ಹಾಕಿದ ಒಂದೊಂದು ಸುತ್ತು. ಇನ್ನೂರ ಹದಿನಾಲ್ಕನ್ನೂ ಒಂದೇ ನಕ್ಷೆಯ ಮೇಲೆ ತರುತ್ತೇನೆ, ಅವನು ವಾಪಸ್ ಹಡಗು ಹತ್ತುವುದರೊಳಗೆ ಗೋಡೆಗೆ ಹಾಕುತ್ತೇನೆ ಎಂದು ಅಲ್ಲೇ ಶಪಥ ಮಾಡಿದಳು.

ಶಪಥ ಮಾಡಿದವಳು ಮರುದಿನದಿಂದ ಕಂಪ್ಯೂಟರ್ ಮುಟ್ಟಲಿಲ್ಲ. ಕಾರಣ ಸುಲಭ. ಮನುಷ್ಯನೇ ಮನೆಯಲ್ಲಿರುವಾಗ ಅವನ ನಕ್ಷೆಯನ್ನು ಯಾರು ನೋಡುತ್ತಾರೆ? ಅವನು ಅಡುಗೆಮನೆ ಶೀಟಿಗೆ ಮೊಳೆ ಹೊಡೆಯುವಾಗ ಇವಳು ಕೆಳಗೆ ಏಣಿ ಹಿಡಿದು ನಿಂತಳು. ಅವನು ಕೋಳಿಗೂಡು ಕಟ್ಟುವಾಗ ಇವಳು ಸುಮ್ಮನೆ ಪಕ್ಕದಲ್ಲಿ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದಿದಳು. ಆ ತಿಂಗಳು ಇಡೀ ತರಗತಿಗೆ ಒಳ್ಳೆಯ ಅಂಕ ಬಂತು. ರಜೆ ಎರಡು ತಿಂಗಳಿದೆ, ನಕ್ಷೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದುಕೊಂಡಳು.

ಇಪ್ಪತ್ತನೆಯ ದಿನ ಏಜೆನ್ಸಿಯಿಂದ ಫೋನ್ ಬಂತು. ಅದಿರು ಹೊರುವ ಹಡಗೊಂದರಲ್ಲಿ ಯಾರೋ ಕಾಲು ಮುರಿದುಕೊಂಡಿದ್ದಾನೆ, ಎಂಜಿನ್ ಕೋಣೆಗೆ ಆಳು ಬೇಕು, ನಾಲ್ಕು ದಿನದಲ್ಲಿ ಹೊರಡಬೇಕು. ಇಲ್ಲ ಎನ್ನುವಂತಿರಲಿಲ್ಲ, ಒಮ್ಮೆ ಇಲ್ಲ ಎಂದವನ ಹೆಸರು ಪಟ್ಟಿಯ ಕೊನೆಗೆ ಹೋಗುತ್ತದೆ. ಮನಿಲಾದ ಡಾಕ್ಟರು ಈ ಸಲ ಒಂದೇ ಸಲ ಅಳೆದು, ನಗುತ್ತಾ ಸಹಿ ಹಾಕಿದರಂತೆ. ನೀರಿನ ಮೇಲೆ ನಡೆದದ್ದಕ್ಕೆ ಅಷ್ಟಾದರೂ ಫಲ ಸಿಕ್ಕಿತು. ಊರಿಗೆ ಬಂದು ಪೆಟ್ಟಿಗೆ ತುಂಬಿಕೊಳ್ಳಲು ಅವನಿಗೆ ಉಳಿದದ್ದು ಒಂದೇ ಬೆಳಿಗ್ಗೆ.

ಆ ಬೆಳಿಗ್ಗೆಯ ಗದ್ದಲವನ್ನು ವರ್ಣಿಸಲು ನನ್ನಿಂದ ಸಾಧ್ಯವಿಲ್ಲ. ಹಡಗಿನ ಅಡುಗೆಯವನಿಗೆಂದು ನಾನಾಯ್ ಒಣಮೀನನ್ನು ಹಳೆಯ ಪತ್ರಿಕೆಯ ಏಳು ಪದರದಲ್ಲಿ ಸುತ್ತುತ್ತಿದ್ದಳು. ಸೂಟ್‌ಕೇಸ್ ಮುಚ್ಚಲಿಲ್ಲವೆಂದು ಆಮೇಲೆ ಅವಳೇ ಅದರ ಮೇಲೆ ಕೂತಳು. ಹೊರಗೆ ಬಾಡಿಗೆ ಟ್ರೈಸಿಕಲ್‌ನವನು ಹಾರ್ನ್ ಹೊಡೆಯುತ್ತಿದ್ದ. ಆ ನಡುವೆ ಆರ್ನೆಲ್ ಗಡಿಯಾರ ಕಟ್ಟಿಕೊಳ್ಳಲು ಹೋಗಿ, ಇದು ತುಂಬಿಹೋಗಿದೆ, ಹೊಸ ನಡಿಗೆ ಬರೆಯಲು ಜಾಗವಿಲ್ಲ ಎನ್ನುತ್ತಿದೆಯಲ್ಲ ಎಂದ. ಒಂದು ಕೈಯಲ್ಲಿ ಟೇಪಿನ ಉಂಡೆ ಹಿಡಿದಿದ್ದ ವಿಮಿ, ಇನ್ನೊಂದು ಕೈಯಿಂದ ಗಡಿಯಾರಕ್ಕೆ ಕೇಬಲ್ ಚುಚ್ಚಿದಳು. ಎಲ್ಲ ಫೈಲುಗಳನ್ನೂ ಒಟ್ಟಿಗೆ ಹಿಡಿದು ತನ್ನ ಕಂಪ್ಯೂಟರಿನ ಫೋಲ್ಡರಿಗೆ ಎಳೆದು ಹಾಕಿದಳು. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯಿತು. ಅವಳ ಬಾಯಲ್ಲಿ ಗಂಡ ನೋಯ್, ಅವನ ಬಾಯಲ್ಲಿ ಹೆಂಡತಿ ದಾಯ್.

"ನೋಡಿದ್ಯಾ ನೋಯ್? ಇನ್ನೂರ ಹದಿನಾಲ್ಕು, ಅರ್ಧ ಸೆಕೆಂಡು. ನಿಮ್ಮ ಹಡಗಿನ ಕಂಪ್ಯೂಟರಾಗಿದ್ರೆ ಇಷ್ಟೊತ್ತಿಗೆ ಇನ್ನೂ ಆಕಳಿಸ್ತಿತ್ತು."

ಅಷ್ಟು ಹೇಳಿ, ಗಡಿಯಾರದಲ್ಲಿದ್ದ ಫೈಲುಗಳನ್ನೆಲ್ಲ ಅಳಿಸಿ, ಕೇಬಲ್ ಕಿತ್ತು, ತಾನೇ ಅವನ ಮಣಿಕಟ್ಟಿಗೆ ಕಟ್ಟಿದಳು. ಕಟ್ಟಿದ ಮೇಲೆ ಕೈ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಟ್ರೈಸಿಕಲ್‌ನವನು ಹಾರ್ನ್ ನಿಲ್ಲಿಸಿ ಬೇರೆ ಕಡೆ ನೋಡಿದ.

ಮೂರು ದಿನ ಅವಳು ಆ ಫೋಲ್ಡರ್ ತೆರೆಯಲಿಲ್ಲ. ನಾಲ್ಕನೆಯ ದಿನ ಮನೆ ತೀರಾ ದೊಡ್ಡದೆನಿಸಿದಾಗ ತೆರೆದಳು. ಇನ್ನೂರ ಹದಿನಾಲ್ಕು ಹೆಸರೂ ಸಾಲಾಗಿ ಇದ್ದವು. ಪ್ರತಿ ಹೆಸರಿನ ಮೂಲೆಯಲ್ಲೂ ಒಂದು ಪುಟ್ಟ ಬಾಣದ ಗುರುತು, ಅದರ ಮೇಲೊಂದು ಅಡ್ಡಗೀಟು. ಮೊದಲನೆಯದನ್ನು ಒತ್ತಿದಳು. ಇದು ತೋರಿಸುವ ವಸ್ತು ಈಗ ಅಲ್ಲಿ ಇಲ್ಲ ಎಂದಿತು ಕಂಪ್ಯೂಟರ್. ಎರಡನೆಯದೂ ಹಾಗೇ ಎಂದಿತು. ನಲವತ್ತರವರೆಗೆ ಒತ್ತುತ್ತಾ ಹೋದವಳು ಅಲ್ಲಿಗೆ ನಿಲ್ಲಿಸಿದಳು.

ಆದದ್ದು ಇಷ್ಟು. ಅವಳ ವ್ಯವಸ್ಥೆಯಲ್ಲಿ ಎಳೆಯುವಾಗ ಕೀಬೋರ್ಡಿನ ಎರಡು ಕೀಲಿ ಒಟ್ಟಿಗೆ ಒತ್ತಿದ್ದರೆ ಫೈಲಿನ ನಕಲು ಬರುವುದಿಲ್ಲ, ಅದು ಎಲ್ಲಿದೆ ಎಂಬ ಗುರುತು ಮಾತ್ರ ಬರುತ್ತದೆ. ಆ ಬೆಳಿಗ್ಗೆ ಟೇಪಿನ ಉಂಡೆ ಹಿಡಿದ ಕೈ ಕೀಲಿಗಳ ಮೇಲೆ ಕೂತಿತ್ತು. ಅಂಗಡಿಗೆ ಹೋಗಿ ಅಕ್ಕಿ ತರುವ ಬದಲು, ಅಂಗಡಿಯ ವಿಳಾಸವನ್ನು ಇನ್ನೂರ ಹದಿನಾಲ್ಕು ಚೀಟಿಯಲ್ಲಿ ಬರೆದುಕೊಂಡು ಬಂದು, ಆಮೇಲೆ ಅಂಗಡಿಗೇ ಬೆಂಕಿ ಇಟ್ಟ ಹಾಗಾಯಿತು. ಅರ್ಧ ಸೆಕೆಂಡಿನಲ್ಲಿ ಮುಗಿದದ್ದೇಕೆ ಎಂದು ಈಗ ಅರ್ಥವಾಯಿತು. ತನ್ನ ಕಂಪ್ಯೂಟರಿನ ಕಸದ ಡಬ್ಬಿ ನೋಡಿದಳು. ತೊಳೆದು ಬೋರಲು ಹಾಕಿದಷ್ಟು ಚೊಕ್ಕಟವಾಗಿತ್ತು. ಅವಳು ಅಳಿಸುವುದು ಯಾವಾಗಲೂ ಆಜ್ಞೆ ಟೈಪ್ ಮಾಡಿ. ಹಾಗೆ ಅಳಿಸಿದ್ದು ಮತ್ತೆ ಬರುವುದಿಲ್ಲ. ಆ ಬೆಳಿಗ್ಗೆ ಹೇಗೆ ಅಳಿಸಿದ್ದಳೋ ಅವಳಿಗೆ ನೆನಪೇ ಇರಲಿಲ್ಲ.

ಅವಳು ಆ ಮಧ್ಯಾಹ್ನ ಅತ್ತಳು. ಒಂಬತ್ತು ತಿಂಗಳು ಅವನಿರಲಿಲ್ಲ, ಈಗ ಆ ಒಂಬತ್ತು ತಿಂಗಳೂ ಇರಲಿಲ್ಲ. ಅದನ್ನು ಕಳೆದದ್ದು ಸಮುದ್ರವಲ್ಲ, ಏಜೆನ್ಸಿಯಲ್ಲ, ತಾನೇ, ತನ್ನ ಕೈಯಾರೆ.

ಅಷ್ಟರಲ್ಲಿ ನಾನಾಯ್ ಸುಮ್ಮನೆ ಕೂತಿರಲಿಲ್ಲ. ತನ್ನ ಮಗ ಹನ್ನೊಂದು ಸಾವಿರ ಕಿಲೋಮೀಟರ್ ನಡೆದಿದ್ದಾನೆ, ಸೊಸೆ ಅದರ ನಕ್ಷೆ ಮಾಡುತ್ತಿದ್ದಾಳೆ ಎಂದು ಚರ್ಚಿನಲ್ಲಿ, ಮೀನು ಮಾರುಕಟ್ಟೆಯಲ್ಲಿ, ಸತ್ತವರ ಮನೆಯ ಪ್ರಾರ್ಥನೆಯಲ್ಲಿ ಕೂಡ ಹೇಳಿಬಂದಿದ್ದಳು. ಬಡಗಿಯಿಂದ ನಾಲ್ಕಡಿ ಅಗಲದ ಚೌಕಟ್ಟು ಮಾಡಿಸಿ, ಊಟದ ಮೇಜಿನ ಮೇಲ್ಗಡೆ ಗೋಡೆಯಲ್ಲಿದ್ದ ಏಸುಸ್ವಾಮಿಯ ಕಡೆಯ ಭೋಜನದ ಪಟವನ್ನು ಎಡಕ್ಕೆ ಸರಿಸಿ, ಪಕ್ಕದಲ್ಲೇ ಅದನ್ನು ತೂಗುಹಾಕಿಸಿದಳು. ಬಂದವರೆಲ್ಲ ಖಾಲಿ ಚೌಕಟ್ಟಿನ ಮುಂದೆ ನಿಂತು, ಯಾವಾಗ ಬರುತ್ತೆ ಟೀಚರ್ ಎಂದು ಕೇಳಲಾರಂಭಿಸಿದರು. ಒಬ್ಬಳು ಮುದುಕಿ ಗಾಜಿನೊಳಗೆ ಗೋಡೆಯ ತೇವದ ಕಲೆಯನ್ನು ನೋಡಿ, ಇದು ಆಸ್ಟ್ರೇಲಿಯಾ ತಾನೇ ಎಂದು ಮೆಚ್ಚಿಕೊಂಡು ಹೋದಳು. ಹಡಗಿನಿಂದ ಆರ್ನೆಲ್ ಕೂಡ ನಕ್ಷೆಯ ಫೋಟೋ ಕಳಿಸು ಎಂದು ಬರೆದ. ಬಹಳ ದೊಡ್ಡದು, ಇನ್ನೂ ಮುಗಿದಿಲ್ಲ ಎಂದು ವಿಮಿ ಉತ್ತರಿಸಿದಳು. ಗಂಡನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಎರಡನೆಯದಕ್ಕೆ ಅಷ್ಟು ಕಷ್ಟವಾಗಲಿಲ್ಲ.

ಕೊನೆಗೆ ಅವಳು ಮೋಸಕ್ಕೆ ಇಳಿದಳು. ಒಂಬತ್ತು ತಿಂಗಳ ಹಳೆಯ ಸಂದೇಶಗಳಲ್ಲಿ ಬಂದರುಗಳ ಹೆಸರು ಹುಡುಕಿ, ಒಂದರಿಂದ ಒಂದಕ್ಕೆ ಕೆಂಪು ಗೆರೆ ಎಳೆದು, ಹೊಲಿಗೆಯ ಹಾಗೆ ಕಾಣಲೆಂದು ಅಲ್ಲಲ್ಲಿ ಅಲುಗಿಸಿ, ಒಂದು ಭಾನುವಾರ ಪರದೆಯ ಮೇಲೆ ಅತ್ತೆಗೆ ತೋರಿಸಿದಳು. ನಾನಾಯ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಇದು ಪಲವಾನ್ ದ್ವೀಪ ಅಲ್ವಾ?"

"ಹೌದು ನಾನಾಯ್."

"ನಿನ್ನ ಗೆರೆ ಈ ಕಡೆಯಿಂದ ಹತ್ತಿ ಬೆಟ್ಟದ ಮೇಲಿಂದ ಆ ಕಡೆ ಇಳಿದಿದೆ. ನನ್ನ ಮಗನ ಹಡಗಿಗೆ ಚಕ್ರ ಯಾವಾಗ ಹಾಕ್ಸಿದ್ರು?"

ವಿಮಿ ಎಲ್ಲವನ್ನೂ ಹೇಳಿಬಿಟ್ಟಳು. ಬೈಗುಳಕ್ಕೆ ಕಾಯುತ್ತಾ ನಿಂತಳು. ನಾನಾಯ್ ಬೈಯಲಿಲ್ಲ. ಚೌಕಟ್ಟನ್ನು ಇಳಿಸಲೂ ಇಲ್ಲ. ನನ್ನ ಮುಂದೆ ಅತ್ತು ಏನು ಪ್ರಯೋಜನ, ನಡೆದವನು ಅವನು, ಅವನಿಗೆ ಹೇಳು ಎಂದಷ್ಟೇ ಅಂದು, ಒಲೆಯ ಮೇಲಿನ ಅನ್ನ ನೋಡಲು ಎದ್ದಳು. ಆ ಸಂಜೆ ವಿಮಿ ಗಂಡನಿಗೆ ಉದ್ದನೆಯ ತಪ್ಪೊಪ್ಪಿಗೆ ಬರೆದು ಕಳಿಸಿದಳು. ಸಂದೇಶದ ಪಕ್ಕ, ಕಳಿಸಿದ್ದಾಗಿದೆ ಎನ್ನುವ ಒಂದೇ ಗೀಟು ಬಿತ್ತು. ಹಡಗು ನಡು ನೀರಿನಲ್ಲಿತ್ತು, ಅವನಿಗೆ ಇನ್ನೂ ಮುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತನೆಯ ತರಗತಿಯಲ್ಲಿ ಪಾಠ ನಡೆಯುತ್ತಿರುವಾಗ ಫೋನು ಮಿಡಿಯಿತು. ಪಾಠದ ನಡುವೆ ಫೋನು ನೋಡಬಾರದೆಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದವಳು ವಿಮಿಯೇ. ಆ ಬರಹದ ಕೆಳಗೇ ನಿಂತು ನೋಡಿದಳು. ಒಂದು ಕ್ಷಣ ಸಿಗ್ನಲ್ ಸಿಕ್ಕಾಗ, ಅವಳ ತಪ್ಪೊಪ್ಪಿಗೆ ಮುಟ್ಟುವ ಮೊದಲೇ, ಆರ್ನೆಲ್ ಬರೆದಿದ್ದ:

"ದಾಯ್, ಗಡಿಯಾರ ಇನ್ನೂ ತುಂಬಿದೆ ಅಂತಲೇ ಹೇಳ್ತಿದೆ. ಒಂದು ದಿನದ ನಡಿಗೆನೂ ಬರ್ಕೊಂಡಿಲ್ಲ. ಇವತ್ತು ಊಟದ ಕೋಣೆ ಕಂಪ್ಯೂಟರಿಗೆ ಚುಚ್ಚಿ ನೋಡ್ದೆ. ಎದುರಿಗೇ ಒಂದು ಫೋಲ್ಡರಿದೆ, ಕಸ ಅಂತ ಹೆಸರು. ಒಳಗೆ ಇನ್ನೂರ ಹದಿನಾಲ್ಕು ಫೈಲು. ಕಸ ತಾನೇ, ಅಳಿಸ್ಬಿಡ್ಲಾ?"

ಟೀಚರ್ ತರಗತಿಯಿಂದ ಹೊರಗೆ ಓಡಿದ್ದನ್ನು ಹಮ್ತಿಕ್‌ನ ಮಕ್ಕಳು ಅಂದೇ ಮೊದಲು ನೋಡಿದ್ದು. ಸಿಗ್ನಲ್ ಚೆನ್ನಾಗಿ ಸಿಗುವ ಧ್ವಜಕಂಬದ ಕೆಳಗೆ ನಿಂತು ಅವಳು ಬರೆದಳು: ಮುಟ್ಟಬೇಡ. ಒಂದೇ ಗೀಟು. ಅಳಿಸಬೇಡ. ಒಂದೇ ಗೀಟು. ನಿನ್ನ ಕಾಲಿಗೆ ಬೀಳುತ್ತೇನೆ. ಅದಕ್ಕೂ ಒಂದೇ ಗೀಟು. ಹಡಗು ಮತ್ತೆ ಸಂಪರ್ಕದಾಚೆ ಹೋಗಿತ್ತು.

ಆಗ ಅವಳಿಗೆ ಹೊಳೆಯಿತು, ಹೊಳೆದಷ್ಟೂ ನಾಚಿಕೆಯಾಯಿತು. ಆ ಬೆಳಿಗ್ಗೆ ಒಂದೇ ಕೈ ಖಾಲಿ ಇದ್ದದ್ದರಿಂದ ಅವಳು ಆಜ್ಞೆ ಟೈಪ್ ಮಾಡಿರಲಿಲ್ಲ, ಮೌಸಿನಿಂದ ಅಳಿಸಿದ್ದಳು. ಹಾಗೆ ಅಳಿಸಿದ್ದನ್ನು ಅವಳ ಲಿನಕ್ಸ್ ಎಸೆಯುವುದಿಲ್ಲ. ಆ ಗಡಿಯಾರದ ಒಳಗೇ ಒಂದು ಕಸದ ಡಬ್ಬಿ ಮಾಡಿ, ಹೆಸರಿನ ಮುಂದೆ ಚುಕ್ಕೆ ಇಟ್ಟು, ಅದರಲ್ಲಿ ತುಂಬಿಡುತ್ತದೆ. ಚುಕ್ಕೆಯಿಂದ ಶುರುವಾಗುವ ಹೆಸರು ಅವಳ ವ್ಯವಸ್ಥೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇದನ್ನು ಹನ್ನೆರಡು ವರ್ಷದಿಂದ ಪ್ರತಿ ಜೂನ್ ತಿಂಗಳಲ್ಲೂ ಮಕ್ಕಳಿಗೆ ಬರೆಸಿ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತಿದ್ದವಳು ಅವಳೇ. ಹಡಗಿನ ಕಂಪ್ಯೂಟರಿನಲ್ಲಿದ್ದದ್ದು ಅವಳು ಹೊಸ್ತಿಲಾಚೆ ಇಡಿಸಿದ ವಿಂಡೋಸ್, ಅದಕ್ಕೆ ಈ ಚುಕ್ಕೆಯ ಮರ್ಯಾದೆ ಗೊತ್ತಿಲ್ಲ. ಅದು ಇದ್ದದ್ದನ್ನು ಇದ್ದ ಹಾಗೆ ತೋರಿಸಿಬಿಟ್ಟಿತ್ತು.

ನಾಲ್ಕು ದಿನ ಉತ್ತರವಿಲ್ಲ. ಆ ನಾಲ್ಕು ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು, ಅನ್ನ ಎರಡು ಸಲ ಸೀದಿತು. ಹಾಜರಿ ಕರೆಯುವಾಗ ವಿಮಿ ಇಲ್ಲದವರನ್ನು ಹಾಜರು ಎಂದು ಬರೆದಳು. ಗಂಡ ಸ್ವಭಾವತಃ ಚೊಕ್ಕಟ ಮನುಷ್ಯ. ಎಂಜಿನ್ ಕೋಣೆಯಲ್ಲಿ ಎಣ್ಣೆಯ ಹನಿ ಕಂಡರೆ ಒರೆಸುವುದೇ ಅವನ ಉದ್ಯೋಗ. ಕಸ ಎಂದು ಹೆಸರಿಟ್ಟದ್ದನ್ನು ಅವನು ಎಷ್ಟು ದಿನ ಇಟ್ಟುಕೊಂಡಾನು? ಅಳಿಸಲೆಂದು ಅವನ ಬೆರಳು ಇಳಿಯುವುದನ್ನು ಅವಳು ಕಣ್ಣು ಮುಚ್ಚಿದಾಗಲೆಲ್ಲ ಕಂಡಳು.

ಐದನೆಯ ದಿನ ಹಡಗು ಬಂದರು ಸೇರಿತು. ಅವಳ ಸಂದೇಶಗಳೆಲ್ಲ ಒಟ್ಟಿಗೆ ಮುಟ್ಟಿದವು. ಅವನ ಉತ್ತರ ಚಿಕ್ಕದಾಗಿತ್ತು.

"ಅಳಿಸ್ಲಿಲ್ಲ. ನಿನ್ನ ಕೇಳ್ದೆ ಆ ಮನೇಲಿ ಹಳೇ ಪೊರಕೆನೂ ಬಿಸಾಡಿದವನಲ್ಲ ನಾನು. ಕಳಿಸ್ತಿದ್ದೀನಿ, ನೋಡ್ಕೋ. ಆದ್ರೆ ದಾಯ್, ಎದುರಿಗೇ ಇತ್ತಲ್ಲ. ನಿನ್ನ ಕಂಪ್ಯೂಟರಿಗೆ ಕಾಣ್ಲಿಲ್ವಾ?"

ವಿಮಿ ಬಂದ ಫೈಲುಗಳನ್ನು ಮೂರು ಕಡೆ ನಕಲು ಮಾಡಿಟ್ಟಳು. ಈ ಸಲ ಎರಡೂ ಕೈ ಖಾಲಿ ಇಟ್ಟುಕೊಂಡು, ಪ್ರತಿಯೊಂದನ್ನೂ ತೆರೆದು ನೋಡಿ.

ಶನಿವಾರ ಮಧ್ಯಾಹ್ನದೊಳಗೆ ನಕ್ಷೆ ಸಿದ್ಧವಾಯಿತು. ನಾನಾಯ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಚೀನಾದಿಂದ ಆಸ್ಟ್ರೇಲಿಯಾಕ್ಕೆ, ಆಸ್ಟ್ರೇಲಿಯಾದಿಂದ ಜಪಾನಿಗೆ, ಇನ್ನೂರ ಹದಿನಾಲ್ಕು ತುಂಡು ಗೆರೆ. ವಿಮಿ ಒಂದೊಂದನ್ನೇ ಹಿಗ್ಗಿಸಿ ನೋಡಿದಳು. ತನಗೆ ಜ್ವರ ಬಂದ ದಿನ ಅವನು ಒಂದು ಸುತ್ತು ಹೆಚ್ಚು ಹಾಕಿದ್ದ. ಕ್ರಿಸ್ಮಸ್ ದಿನ ಅರ್ಧಕ್ಕೇ ನಿಲ್ಲಿಸಿದ್ದ. ಎಲ್ಲ ದಿನವೂ ಅದೇ ಹೊಲಿಗೆ. ಮಾರ್ಚ್ ಹನ್ನೊಂದರಂದು ಮಾತ್ರ ಹೊಲಿಗೆ ಇರಲಿಲ್ಲ. ಅಡ್ಡ ದಾಟದ, ಬರಿಯ ನೆಟ್ಟಗಿನ ಗೆರೆ. ಎರಡಲ್ಲ, ಮೂರು ಗಂಟೆಯದು. ಫೈಲು ಕೆಟ್ಟಿದೆಯೇನೋ ಎಂದು ಅವಳು ನಕ್ಷೆಯನ್ನು ಕುಗ್ಗಿಸಿದಳು. ಪರದೆಯ ಬಲಗಡೆಯಿಂದ ನೆಲ ಬಂತು. ನೆಲದ ಮೇಲೆ ಊರುಗಳ ಹೆಸರು ಮೂಡಿದವು. ಅದರಲ್ಲೊಂದು ಹಮ್ತಿಕ್.

ಅವಳು ಫೋನ್ ಮಾಡಿದಳು. ಬಂದರಿನಲ್ಲಿದ್ದದ್ದರಿಂದ ಅವನು ಸಿಕ್ಕಿದ.

"ನೋಯ್, ಮಾರ್ಚ್ ಹನ್ನೊಂದು ನೀನು ಸುತ್ತು ಹಾಕಿಲ್ಲ."

ಕ್ರೇನಿನ ಸದ್ದಿನ ನಡುವೆ ಅವನೆಂದ: "ಆವತ್ತು ಡೆಕ್ಕಿನ ಎಡಗಡೆ ಬಿಟ್ಟು ಬರ್ಲಿಲ್ಲ, ದಾಯ್. ಅಲ್ಲೇ ಹಿಂದಕ್ಕೂ ಮುಂದಕ್ಕೂ ನಡೆದೆ. ನಮ್ಮೂರ ಬೆಟ್ಟ ಕಾಣ್ತಿತ್ತು. ಮರೆಯಾಗೋವರೆಗೂ ನಡೆದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಪಾಠ ಬಿಟ್ಟು ದಂಡೆಗೆ ಓಡ್ತಿದ್ದೆ. ಓಡಿ ಬಂದ್ರೂ ನಿನಗೆ ನಾನು ಕಾಣ್ತಿರ್ಲಿಲ್ಲ. ನನಗೆ ಬೆಟ್ಟನಾದ್ರೂ ಕಾಣ್ತಿತ್ತು. ಇಬ್ರೂ ಸಂಕಟ ಪಡೋದ್ಯಾಕೆ ಅಂತ ಸುಮ್ನಾದೆ." ಆಮೇಲೆ ಸೇರಿಸಿದ: "ನಿನ್ನ ಕಂಪ್ಯೂಟರ್ ಇಷ್ಟೆಲ್ಲ ಬಾಯಿಬಿಡುತ್ತೆ ಅಂತ ಗೊತ್ತಿದ್ರೆ ಆವತ್ತು ಗಡಿಯಾರ ಬಿಚ್ಚಿಡ್ತಿದ್ದೆ."

ಅವನನ್ನು ಯಾರೋ ಕೆಲಸಕ್ಕೆ ಕರೆದರು. ಫೋನಿಟ್ಟ ಮೇಲೂ ವಿಮಿಯ ಬೆರಳು ಆ ಗೆರೆಯ ಮೇಲೆಯೇ ಇತ್ತು. ಅಲ್ಲಿಂದ ಮನೆಗೆ ಎಷ್ಟು ದೂರವೆಂದು ಅವಳು ಅಳೆದಳು. ಇಂಥದ್ದನ್ನು ಅಳೆಯುವುದರಲ್ಲಿ ಅವಳ ಕಂಪ್ಯೂಟರ್ ಎಂದೂ ತಪ್ಪುವುದಿಲ್ಲ.

"ಇಪ್ಪತ್ತೆರಡು ಕಿಲೋಮೀಟರ್, ನಾನಾಯ್," ಎಂದಳು.

ಕಿಲೋಮೀಟರಿನ ಲೆಕ್ಕ ನಾನಾಯ್‌ಗೆ ತಿಳಿಯದು. ಅವಳು ಸೊಸೆಯ ಬೆರಳನ್ನು ಮೆಲ್ಲಗೆ ಸರಿಸಿ, ನೀರಿನ ಆ ಜಾಗವನ್ನೂ ದಂಡೆಯನ್ನೂ ಎರಡೆರಡು ಸಲ ನೋಡಿದಳು. ಗುರುತು ಹತ್ತಿತು. ಮೀನು ಬಂದು ಸೇರಲೆಂದು ಬಿದಿರಿನ ತೆಪ್ಪ ಕಟ್ಟಿ ತೇಲಿಬಿಡುತ್ತಿದ್ದ ಹಳೆಯ ಜಾಗ ಅದು.

"ಇಲ್ಲಾ? ನಿನ್ನ ಮಾವ ಬೆಳಿಗ್ಗೆ ದೋಣಿ ತಗೊಂಡು ಇಲ್ಲಿಗೆ ಹೋಗಿ, ಮಧ್ಯಾಹ್ನದ ಊಟಕ್ಕೆ ಮನೇಲಿರ್ತಿದ್ರು," ಎಂದಳು ನಾನಾಯ್. "ಇಷ್ಟು ಹತ್ತಿರ ಬಂದವನು ಊಟ ಮಾಡ್ದೆ ಹೋದ್ನಾ?"